ಅಣ್ಣ "ಏನರ ತಪ್ಪಾಗಿದ್ರ ಕ್ಷಮಿಸು" ಅಂತ ಹೇಳಿ ಕಳಿಸ್ಯಾನ, ಇಷ್ಟಕ್ಕ ನಾ ಕ್ಷಮಿಸಿಬಿಡಬೇಕೇನ್ರಿ?

ಬಡಗಣ ಗಾಳಿ

ಎಲ್ಲಾರಿಗೂ ಕರ್ತನ ನಾಮದಾಗ ವಂದನೆಗಳು. ಭಾಳ ದಿನದಿಂದ ಬರೀಬೇಕು ಅನ್ಕೊಂಡು ಬಿಡ್ತಿದ್ದೆ, ಇವತ್ತ ಬರಿಯಾಕತ್ತೇನಿ, ಉದ್ದ ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಅಪ್ಪಾರು ತೀರಿಕೊಂಡು ಆರು ವರ್ಷ ಆತು, ಅವ್ವ ಅದಕ್ಕಿಂತ ಮೊದಲ ಹೋಗಿದ್ಲು. ಅಣ್ಣ, ನಾನು, ಇಬ್ಬರ ಮಕ್ಕಳು. ಅಪ್ಪಾರು ಹೋಗಿ ವರ್ಷ ತುಂಬಿದ ಮ್ಯಾಲೆ ಅಣ್ಣ ಫೋನ್ ಮಾಡಿ ಉತಾರದಾಗ (ಆಸ್ತಿ ದಾಖಲೆಯಾಗ) ಹೆಸರು ಹಚ್ಚಸೂದೈತಿ, ಒಂದು ಸಹಿ ಬೇಕು ಬಾರವ್ವಾ ಅಂದ. ನಾನು ಹುಬ್ಬಳ್ಳಿಯಿಂದ ಬಸ್ ಹತ್ತಿ ಹೋದೆ, ಸಬ್ ರಿಜಿಸ್ಟ್ರಾರ್ ಆಫೀಸಿನಾಗ ಫೋಟೋ ತಗೊಂಡ್ರು, ಹೆಬ್ಬಟ್ಟು ಒತ್ತಿಸಿಕೊಂಡ್ರು, ನಾ ಒಂದು ಸಾಲೂ ಓದಲಿಲ್ಲ. ನನ್ನ ಸ್ವಂತ ಅಣ್ಣ, ಏನಂತ ಓದ್ಲಿ. ಹೊರಗ ಬಂದು ಗಿರ್ಮಿಟ್ ಕೊಡಿಸಿದ, ಬೆರಳಿನ ಮಸಿ ಹೋಗವಲ್ದು ಅಂತ ತನ್ನ ಕರ್ಚೀಪ್ ತೊಯಿಸಿ ತಾನ ಒರೆಸಿದ.

ಹೋದ ವರ್ಷ ಬ್ಯಾರೆ ಕೆಲಸಕ್ಕ ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸಿದಾಗ ಗೊತ್ತಾತು, ಅವತ್ತ ನಾ ಸಹಿ ಮಾಡಿದ್ದು ನನ್ನ ಪಾಲು ಬಿಟ್ಟುಕೊಡೂ ಹಕ್ಕು ಬಿಡುಗಡೆ ಪತ್ರ ಅಂತ. ಹಿತ್ತಲ ಕಡಿ ಅರ್ಧ ಜಾಗ ಮಾರೂ ಬಿಟ್ಟಾನ, ಅವ್ವ ಕುಂತು ಹೊಲಿತಿದ್ದ ಪಡಸಾಲಿ, ಹಳೇ ಮಂಗಳೂರ ಹಂಚಿನದು, ಅದನ್ನ ಕೆಡವಿ ಅಲ್ಲಿ ಈಗ ಅಂಗಡಿ ಸಾಲು ಆಗೇತಿ.

ಈಗ ಅಣ್ಣಗ ಕಿಡ್ನಿ ತ್ರಾಸ, ವಾರಕ್ಕ ಎರಡ ಸಲ ಡಯಾಲಿಸಿಸ್. ನಮ್ಮ ಚರ್ಚಿನ ಅಯ್ನೋರ (ಪಾಸ್ಟರ್) ಕೈಲೆ ಹೇಳಿ ಕಳಿಸ್ಯಾನ "ಏನರ ತಪ್ಪಾಗಿದ್ರ ಕ್ಷಮಿಸು ಅಂತ ಹೇಳ್ರಿ ಆಕಿಗೆ" ಅಂತ. ಅಯ್ನೋರು ಹೇಳಿದ್ದು, ಕ್ರೈಸ್ತರು ಕ್ಷಮಿಸಲೇಬೇಕವಾ, ಕೋರ್ಟ್ ಗೀರ್ಟ್ ಬಿಡು, ಮನಸಿನಾಗ ಇಟ್ಕೊಂಡು ಕರ್ತನ ಭೋಜನಕ್ಕ ಬರಬ್ಯಾಡ.

ಸುಗ್ಗಿ ಹಬ್ಬಕ್ಕ ಊರಿಗೆ ಹೋಗಿದ್ದೆ. ಚರ್ಚಿನಾಗ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಗೊಳ್ಳಾಕ ಮೊಣಕಾಲೂರಿ ಕುಂತಾಗ ಬಾಜೂಕ ಯಾರಂತ ನೋಡಿದ್ರ ಅಣ್ಣ. ಬಟ್ಟಲು ಅವನ ತುಟಿ ಮುಟ್ಟಿ ನನ್ನ ಕಡೆ ಬಂತು. ನಾ ಎದ್ದು ಹೊರಗ ಬಂದೆ. ಅವತ್ತಿನಿಂದ ಸರಿಯಾಗಿ ನಿದ್ದಿ ಇಲ್ಲ. ನಾ ಮಾಡಿದ್ದು ತಪ್ಪೇನ್ರಿ?

ಕರ್ತನ ಸೇವಕ

ಅಕ್ಕಾ, ನೋವು ಅರ್ಥ ಆಗುತ್ತೆ, ಆದ್ರೆ ವಾಕ್ಯ ಸ್ಪಷ್ಟವಾಗಿದೆ. ಬೈಬಲಿನ ಮತ್ತಾಯ 6ರಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಮುಗಿದ ತಕ್ಷಣ 14, 15ನೇ ವಚನ ಓದಿ. ನಾವು ಜನರನ್ನ ಕ್ಷಮಿಸದಿದ್ರೆ ತಂದೆಯೂ ನಮ್ಮನ್ನ ಕ್ಷಮಿಸಲ್ಲ. ಶಿಷ್ಯ ಪೇತ್ರ ಏಳು ಸಾರಿ ಕ್ಷಮಿಸಿದ್ರೆ ಸಾಕಾ ಅಂತ ಕೇಳಿದ್ದಕ್ಕೆ ಯೇಸು ಏಳೆಪ್ಪತ್ತು ಸಾರಿ ಅಂದ್ರು. ಅವರು ಹೇಗೆ ಕೇಳಿದ್ರು, ಯಾವ ಮಾತಲ್ಲಿ ಕೇಳಿದ್ರು ಅಂತ ತೂಕ ಹಾಕೋದು ನಮ್ಮ ಕೆಲಸ ಅಲ್ಲ. ಬಿಟ್ಟುಬಿಡಿ, ಸಮಾಧಾನ ತಾನಾಗೇ ಬರುತ್ತೆ.

ಕಾಫಿ ಹೂವು

"ಏನಾದ್ರೂ ತಪ್ಪಾಗಿದ್ರೆ" ಅನ್ನೋದು ಮದುವೆ ಮನೇಲಿ ಬೀಗರನ್ನ ಕಳಿಸಿಕೊಡುವಾಗ ಹೇಳೋ ಮಾತು. ತಂಗಿ ಆಸ್ತಿ ಬರೆಸಿಕೊಂಡವರು ಹೇಳೋ ಮಾತಲ್ಲ.

ಪಡುಗಡಲು

ಇವರು ಹೇಳಿದ್ದು ಸರಿ ಉಂಟು. ನಮ್ಮ ಮಂಗಳೂರು ಕಡೆ ಕಥೋಲಿಕರಲ್ಲಿ ಕುಮ್ಸಾರಿಗೆ (ಪಾಪ ನಿವೇದನೆಗೆ) ಹೋದ್ರೆ ಪಾದ್ರ್ಯಾಬ್ (ಪಾದ್ರಿ) ಎದುರು "ಏನಾದ್ರೂ ಪಾಪ ಮಾಡಿದ್ರೆ ಕ್ಷಮಿಸಿ" ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಎಂತ ಮಾಡಿದ್ದು ಅಂತ ಬಾಯಿ ಬಿಟ್ಟು ಹೇಳ್ಬೇಕು. ಕದ್ದದ್ದಾದ್ರೆ ವಾಪಸ್ ಕೊಡ್ಬೇಕು, ಅದನ್ನ ಸಣ್ಣದರಲ್ಲಿ ದೊತೊರ್ನ್ (ಧರ್ಮೋಪದೇಶ) ಕ್ಲಾಸಲ್ಲೇ ಕಲಿಸಿದ್ದು ನಮಗೆ. ಲೂಕ 19ರಲ್ಲಿ ಸುಂಕ ವಸೂಲಿಯ ಜಕ್ಕಾಯ ಮರದಿಂದ ಇಳಿದು ಬಂದು ಎಂತ ಹೇಳಿದ್ದು? ಯಾರಿಂದ ಅನ್ಯಾಯವಾಗಿ ತಕ್ಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಕೊಡ್ತೇನೆ ಅಂತ. ಅವನು ಅಷ್ಟು ಹೇಳಿದ ಮೇಲೆ ಯೇಸು ಈ ಮನೆಗೆ ಇವತ್ತು ರಕ್ಷಣೆ ಬಂತು ಅಂದದ್ದು.

ಕರ್ತನ ಸೇವಕ

ಜಕ್ಕಾಯ ಮಾಡಬೇಕಾದ್ದು ಜಕ್ಕಾಯ ಮಾಡ್ದ. ಇಲ್ಲಿ ಪ್ರಶ್ನೆ ಕೇಳ್ತಿರೋದು ಮೋಸ ಹೋದವರು. ಅವರ ಪಾಲಿನ ಕರ್ತವ್ಯ ಕ್ಷಮೆ. 1 ಕೊರಿಂಥ 6ರಲ್ಲಿ ಪೌಲ ಸಹೋದರರು ಕೋರ್ಟಿಗೆ ಹೋಗೋದಕ್ಕಿಂತ ನಷ್ಟ ಸಹಿಸಿಕೊಳ್ಳಿ ಅಂತಾನೆ.

ಕರಿಕೋಟು

ಅದೇ ಅಧ್ಯಾಯ ಪೂರ್ತಿ ಓದಿ ಬ್ರದರ್. ನಷ್ಟ ಸಹಿಸಿಕೊಳ್ಳಿ ಅಂದ ಮರು ಸಾಲಲ್ಲೇ, ಅನ್ಯಾಯ ಮಾಡೋರು ನೀವೇ, ಮೋಸ ಮಾಡೋರು ನೀವೇ, ಅದೂ ಸಹೋದರರಿಗೆ ಅಂತ ಮೋಸ ಮಾಡಿದವರಿಗೆ ಬೈದಿದ್ದಾನೆ. ಜೊತೆಗೆ ನಿಮ್ಮೊಳಗೆ ತೀರ್ಪು ಮಾಡೋ ಬುದ್ಧಿವಂತ ಒಬ್ಬನೂ ಇಲ್ವಾ ಅಂತ ಸಭೆಯನ್ನೂ (ಚರ್ಚಿನವರನ್ನೂ) ಕೇಳಿದ್ದಾನೆ. ಅಂದ್ರೆ ಸಭೆ ಕೂತು ವಿಚಾರಣೆ ಮಾಡಿ ನ್ಯಾಯ ಕೊಡಿಸಬೇಕಿತ್ತು. ಆ ಕೆಲಸ ಬಿಟ್ಟು ಮೋಸ ಹೋದವಳಿಗೆ ಸುಮ್ನಿರು ಅನ್ನೋದು ಪೌಲ ಹೇಳಿದ್ದಲ್ಲ.

ಬಡಗಣ ಗಾಳಿ ಅವರೇ, ನಾನು ಸಿವಿಲ್ ಪ್ರಾಕ್ಟೀಸ್ ಮಾಡ್ತೀನಿ, ಆ ಕಡೆಯಿಂದ ಎರಡು ಮಾತು. ಕ್ರೈಸ್ತರಿಗೆ ಅನ್ವಯ ಆಗೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ದೆ ಅಪ್ಪ ತೀರಿಕೊಂಡು, ತಾಯಿಯೂ ಇಲ್ದಿದ್ರೆ, ಮಗ ಮಗಳು ಅಂತ ಭೇದ ಇಲ್ಲ, ಸಮಪಾಲು. ಅಂದ್ರೆ ಅರ್ಧ ನಿಮ್ದು. ಮೋಸದಿಂದ ಬರೆಸಿಕೊಂಡ ಪತ್ರ ರದ್ದು ಮಾಡಿಸೋಕೆ ಮೋಸ ನಿಮಗೆ ಗೊತ್ತಾದ ದಿನದಿಂದ 3 ವರ್ಷ ಟೈಮ್ ಇದೆ. ಒಂದು ವರ್ಷ ಆಗ್ಲೇ ಹೋಯ್ತು. ದಾವೆ ಹಾಕೋದು ಬಿಡೋದು ನಿಮ್ಮ ಮನಸ್ಸು, ಆದ್ರೆ ಯಾರೋ ಹೆದರಿಸಿದ್ರು ಅಂತ ಟೈಮ್ ಕಳ್ಕೋಬೇಡಿ. ಹಕ್ಕು ಕೈಯಲ್ಲಿ ಇದ್ದು ಬಿಟ್ಟುಕೊಟ್ರೆ ಅದು ನೀವು ಕೊಟ್ಟಿದ್ದು. ಟೈಮ್ ಮೀರಿ ಹೋದ್ರೆ ಅದು ಕೊಟ್ಟಿದ್ದೂ ಅಲ್ಲ, ಕ್ಷಮಿಸಿದ್ದೂ ಅಲ್ಲ, ಬರೀ ಕಳ್ಕೊಂಡಿದ್ದು.

ಹಳೇ ಹಂಚು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಆ ಪಡಸಾಲೆ ಹಂಚಿನ ಮೇಲೆ ಬೇಸಲ್ ಮಿಷನ್ ಮುದ್ರೆ ಇತ್ತಾ? ಮಂಗಳೂರಲ್ಲಿ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಕೆಲವು ಹಂಚಿನ ಮೇಲೆ ಆ ಇಸವಿ ಒತ್ತಿರೋದು ಇದೆ. ಕೆಡವಿದ ಮನೆ ಹಂಚು ಸಿಕ್ಕಿದ್ರೆ ಒಂದಾದ್ರೂ ಎತ್ತಿಟ್ಕೊಳ್ಳಿ.

ಪಡುಗಡಲು

ಓ ನಮ್ಮ ಅಜ್ಜ ಆ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದು! ಹಂಚು ಮೆಟ್ಟಿ ಒತ್ತುವ ಕತೆ ತುಂಬಾ ಹೇಳ್ತಿದ್ರು. ಇರಲಿ, ಅದನ್ನ ಇನ್ನೊಂದು ಕಡೆ ಮಾತಾಡುವ, ಅವರ ಸಂಕಟದ ಮಧ್ಯೆ ಬೇಡ.

ನೈಟ್ ಡ್ಯೂಟಿ

ನಾನು ನರ್ಸ್, ಕುಷ್ಠರೋಗದ ವಾರ್ಡಲ್ಲಿ ಹನ್ನೊಂದು ವರ್ಷ ಇದ್ದೆ, ಅದಕ್ಕೇ ಕುಷ್ಠರೋಗಿಗಳ ಸೇವೆ ಮಾಡ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಅಂದ್ರೆ ನನಗೆ ಬೇರೇನೇ ಗೌರವ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಜೀಪಲ್ಲಿ ಮಲಗಿದ್ದ ಗ್ರಹಾಂ ಸ್ಟೇನ್ಸ್, ಅವರ ಗಂಡುಮಕ್ಕಳು 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ, ಮೂರೂ ಜನರನ್ನ ಸುಟ್ಟರಲ್ಲ, ಆ ತಾಯಿ ಕೆಲವೇ ದಿನದಲ್ಲಿ ಕ್ಷಮಿಸಿದ್ದೀನಿ ಅಂದ್ರು. ಮಗಳನ್ನ ಕಟ್ಕೊಂಡು ಬಾರಿಪದದಲ್ಲೇ ಉಳಿದು ರೋಗಿಗಳ ಸೇವೆ ಮುಂದುವರಿಸಿದ್ರು. 2005ರಲ್ಲಿ ಪದ್ಮಶ್ರೀ ಬಂತು.

ಆದ್ರೆ ಜನ ಮರೆಯೋದೇನಂದ್ರೆ ಕೇಸು ನಿಲ್ಲಲಿಲ್ಲ. 2003ರಲ್ಲಿ ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ ಗಲ್ಲು ಶಿಕ್ಷೆ ವಿಧಿಸಿದ್ರು, 2005ರಲ್ಲಿ ಹೈಕೋರ್ಟು ಅದನ್ನ ಜೀವಾವಧಿಗೆ ಇಳಿಸ್ತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡೀತು. ಕ್ಷಮಿಸೋದು ಬೇರೆ, ತಪ್ಪಿಗೆ ಕಾನೂನು ಕೊಡೋ ಫಲ ಬೇರೆ, ಎರಡನ್ನೂ ಕಲಸಬಾರದು ಅನ್ನೋದೇ ಆಕೆಯ ನಿಲುವಾಗಿತ್ತು. ನಮ್ಮ ಸಭೆಗಳಲ್ಲಿ ಆಕೆಯ ಕತೆ ಅರ್ಧಕ್ಕೇ ನಿಲ್ಲಿಸಿಬಿಡ್ತಾರೆ, ನನಗೆ ಅದೇ ಬೇಜಾರು.

ಕರ್ತನ ಸೇವಕ

ಆಕೆ ಯಾರೂ ಬಂದು ಕೇಳೋ ಮೊದಲೇ ಕ್ಷಮಿಸಿದ್ರಲ್ಲ ಸಿಸ್ಟರ್? ನಾನೂ ಅದನ್ನೇ ಹೇಳ್ತಿರೋದು.

ನೈಟ್ ಡ್ಯೂಟಿ

ಹೌದು ಬ್ರದರ್, ಒಪ್ತೀನಿ. ಆದ್ರೆ ಯಾರೂ ಆಕೆಗೆ ಹೇಳಿ ಮಾಡಿಸಲಿಲ್ಲ. ಕ್ಷಮಿಸದಿದ್ರೆ ಭೋಜನ ಇಲ್ಲ ಅಂತ ಬಾಗಿಲಲ್ಲಿ ನಿಂತು ಹೇಳಿಸಿಕೊಂಡು ಕ್ಷಮಿಸಿದ್ದಲ್ಲ ಅದು.

ಹೆಸರು ಬೇಡ

ಈ ಮಾತು ಓದಿ ಕೈ ನಡುಗ್ತಿದೆ. ಗಂಡ ಹೊಡೀತಿದ್ದ. ಮೂರು ಸಲ ತವರಿಗೆ ಬಂದೆ, ಮೂರು ಸಲವೂ ಸಭೆ ಹಿರಿಯರು ಬಂದು ಏಳೆಪ್ಪತ್ತು ಸಾರಿ ಕಣಮ್ಮಾ ಅಂತ ಹೇಳಿ ವಾಪಸ್ ಕಳಿಸಿದ್ರು. ಮೂರನೇ ಸಲ ಕಳಿಸಿ ಹನ್ನೆರಡು ದಿನಕ್ಕೆ ನನ್ನ ಎಡಗೈ ಮುರೀತು. ಈಗಲೂ ಮಳೆಗಾಲದಲ್ಲಿ ಬಿಂದಿಗೆ ಎತ್ತೋಕಾಗಲ್ಲ. ಅವನ ಮೇಲೆ ನನಗೆ ಈಗ ಸಿಟ್ಟಿಲ್ಲ, ದೇವರಾಣೆ ಇಲ್ಲ, ಅವನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ. ಆದ್ರೆ ಆ ಮನೆಗೆ ಹೋಗಲ್ಲ. ಇದು ಕ್ಷಮೆ ಅಲ್ಲ ಅಂತ ಇನ್ನೂ ಹೇಳ್ತಾರೆ ನನಗೆ.

ನೈಟ್ ಡ್ಯೂಟಿ

ಅಕ್ಕಾ, ಅದು ಕ್ಷಮೆಯೇ. ಆದಿಕಾಂಡ 33 ತೆಗೆದು ಓದಿ. ಯಾಕೋಬ ಮೋಸ ಮಾಡಿ ಅಣ್ಣನ ಆಶೀರ್ವಾದ ಕಸ್ಕೊಂಡಿದ್ದ, ಇಪ್ಪತ್ತು ವರ್ಷದ ಮೇಲೆ ಏಸಾವ ಓಡಿ ಬಂದು ಅಪ್ಪಿಕೊಂಡು ಮುತ್ತಿಟ್ಟು ಇಬ್ರೂ ಅತ್ರು. ಆಮೇಲೆ? ಏಸಾವ ಸೇಯೀರಿಗೆ ಹೋದ, ಯಾಕೋಬ ಸುಕ್ಕೋತಿಗೆ ಹೋದ. ಒಂದೇ ಸೂರಡಿ ಇರಲಿಲ್ಲ. ಅದನ್ನ ತಪ್ಪು ಅಂತ ಸತ್ಯವೇದದಲ್ಲಿ ಎಲ್ಲೂ ಬರೆದಿಲ್ಲ.

ಓದ್ತಿರೋ ಬೇರೆ ಯಾರಾದ್ರೂ ಇದೇ ಸ್ಥಿತೀಲಿ ಇದ್ರೆ 181ಕ್ಕೆ ಫೋನ್ ಮಾಡಿ, ಮಹಿಳಾ ಸಹಾಯವಾಣಿ. ತಕ್ಷಣ ಅಪಾಯ ಇದ್ರೆ 112. ಮೊದಲು ಜೀವ ಉಳಿಸ್ಕೊಳ್ಳಿ.

ಕರ್ತನ ಸೇವಕ

ಹೆಸರು ಬೇಡ ಅಕ್ಕಾ, ನಿಮ್ಮನ್ನ ವಾಪಸ್ ಕಳಿಸಿದ್ದು ಪಾಪ. ಆ ವಚನವನ್ನ ಹಾಗೆ ಬಳಸಿದ್ದು ತಪ್ಪು. ನಾನೂ ಕೆಲವು ಮನೆಗಳಲ್ಲಿ ಸರಿಯಾಗಿ ವಿಚಾರಿಸದೆ ಅದೇ ವಚನ ಹೇಳಿದ್ದೀನಿ, ಅದು ಈಗ ನೆನಪಾಗಿ ಕೂತಲ್ಲೇ ಕೂತಿದ್ದೀನಿ.

ಸೆಮಿನರಿ ಹುಡ್ಗ

ಎರಡು ದಿನದಿಂದ ಓದ್ತಿದ್ದೆ. ಏಳೆಪ್ಪತ್ತರ ಮಾತು ಬಂದಿದ್ದಕ್ಕೆ ಹೇಳ್ತೀನಿ, ಅದು ಮತ್ತಾಯ 18:22. ಅದಕ್ಕೆ ಸ್ವಲ್ಪ ಮುಂಚೆ 15ರಿಂದ 17 ಏನಿದೆ ನೋಡಿ. ನಿನ್ನ ಸಹೋದರ ತಪ್ಪು ಮಾಡಿದ್ರೆ ಹೋಗು, ಅವನೊಬ್ಬನೇ ಇರುವಾಗ ತಪ್ಪನ್ನ ತೋರಿಸು, ಕೇಳದಿದ್ರೆ ಇನ್ನೊಬ್ಬ ಇಬ್ಬರನ್ನ ಕರ್ಕೊಂಡು ಹೋಗು, ಆಗಲೂ ಕೇಳದಿದ್ರೆ ಸಭೆಗೆ ಹೇಳು. ಪೇತ್ರ ಪ್ರಶ್ನೆ ಕೇಳಿದ್ದು ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ. ನಾವು ಮುಂದಿನ ಭಾಗ ಮಾತ್ರ ಕತ್ತರಿಸಿ ತಗೋತೀವಿ. ಲೂಕ 17:3ರಲ್ಲೂ ಅದೇ ಕ್ರಮ, ಗದರಿಸು, ಪಶ್ಚಾತ್ತಾಪಪಟ್ರೆ ಕ್ಷಮಿಸು.

ಇನ್ನೊಂದು. ಕರ್ತನ ಪ್ರಾರ್ಥನೇಲಿ ನಾವು ತಪ್ಪು ಅಂತ ಹೇಳ್ತೀವಲ್ಲ, ಮತ್ತಾಯನ ಗ್ರೀಕ್ ಮೂಲದಲ್ಲಿ ಅಲ್ಲಿರೋ ಪದದ ಅರ್ಥ ಸಾಲ. ಯೇಸು ಆಡ್ತಿದ್ದ ಅರಮಾಯ ಭಾಷೇಲೂ ಸಾಲಕ್ಕೂ ಪಾಪಕ್ಕೂ ಒಂದೇ ಪದ. ಅಂದ್ರೆ ಸಾಲ ಮನ್ನಾ ಮಾಡು ಅನ್ನೋ ಪ್ರಾರ್ಥನೆ ಅದು. ನಮ್ಮ ಮಂಡ್ಯ ಕಡೆ ರೈತರಿಗೆ ಕೇಳಿ, ಸಾಲ ಮನ್ನಾ ಹೇಗಾಗುತ್ತೆ ಅಂತ. ಯಾವ ಸೊಸೈಟಿ, ಯಾರ ಹೆಸರು, ಅಸಲೆಷ್ಟು, ಬಡ್ಡಿ ಎಷ್ಟು, ಎಲ್ಲ ಪಟ್ಟಿ ಆದ ಮೇಲೆ ಮನ್ನಾ. "ಏನಾದ್ರೂ ಸಾಲ ಇದ್ರೆ ಮನ್ನಾ" ಅಂತ ಯಾವ ಬ್ಯಾಂಕೂ ಬರೆಯಲ್ಲ. ಸಾಲವೇ ಇಲ್ಲ ಅಂತ ಸಾಧಿಸೋನಿಗೆ ಯಾವುದನ್ನ ಅಂತ ಮನ್ನಾ ಮಾಡೋದು?

ಅದೇ 18ನೇ ಅಧ್ಯಾಯದ ಸಾಮ್ಯದಲ್ಲಿ (ಯೇಸು ಹೇಳಿದ ದೃಷ್ಟಾಂತ ಕತೆ) ರಾಜ ಒಬ್ಬ ಆಳಿನ ಸಾಲ ಮನ್ನಾ ಮಾಡ್ತಾನೆ, ಆ ಆಳು ತನ್ನ ಜೊತೆ ಆಳಿನ ಸಾಲ ಬಿಡಲ್ಲ. ಮೊದಲನೇ ಆಳಿನ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತು ಅಂದ್ರೆ ಸುಮಾರು 6,000 ದಿನದ ಕೂಲಿ, ಒಟ್ಟು 6 ಕೋಟಿ ದಿನದ ಕೂಲಿ, ತೀರಿಸೋ ಮಾತೇ ಇಲ್ಲ. ಎರಡನೇ ಆಳು ಅವನಿಗೆ ಕೊಡಬೇಕಿದ್ದಿದ್ದು ನೂರು ದಿನದ ಕೂಲಿ. ಪ್ರಸಂಗದಲ್ಲಿ ಇದನ್ನ ಚಿಲ್ಲರೆ ಕಾಸು ಅಂತಾರೆ, ಕೂಲಿ ಮಾಡೋರ ಮನೇಲಿ ಮೂರು ತಿಂಗಳ ದುಡಿಮೆ ಚಿಲ್ಲರೆ ಅಲ್ಲ. ಯೇಸು ನಮಗಾದ ನಷ್ಟವನ್ನ ಸೊನ್ನೆ ಅಂತ ಹೇಳಲೇ ಇಲ್ಲ. ಲೆಕ್ಕ ಇಟ್ಟೇ ಮಾತಾಡಿದ್ರು.

ಸುಮ್ನೆ ಓದುಗಿ

ನಾನು ಕ್ರೈಸ್ತಳಲ್ಲ, ಕೇಳಬಹುದು ಅಲ್ವಾ? ಪಶ್ಚಾತ್ತಾಪಪಟ್ರೆ ಮಾತ್ರ ಕ್ಷಮೆ ಅನ್ನೋದಾದ್ರೆ ಶಿಲುಬೆ ಮೇಲೆ ಯೇಸು ಇವರನ್ನ ಕ್ಷಮಿಸು ಅಂದಾಗ ಮೊಳೆ ಹೊಡೆದವರು ಪಶ್ಚಾತ್ತಾಪಪಟ್ಟಿದ್ರಾ?

ಸೆಮಿನರಿ ಹುಡ್ಗ

ಖಂಡಿತ ಕೇಳಿ ಮೇಡಂ, ತುಂಬಾ ಒಳ್ಳೆ ಪ್ರಶ್ನೆ. ಪಟ್ಟಿರಲಿಲ್ಲ. ನಾನು ತಿಳ್ಕೊಂಡಿರೋದು ಹೀಗೆ: ಹಗೆ ಬಿಡೋದು, ಸೇಡು ದೇವರ ಕೈಗೆ ಒಪ್ಪಿಸೋದು, ಅದು ಅವರು ಕೇಳ್ಲಿ ಬಿಡ್ಲಿ ನಾವು ಒಬ್ಬರೇ ಮಾಡಬಹುದಾದ್ದು. ಸಂಬಂಧ ಮತ್ತೆ ಕೂಡೋದಕ್ಕೆ ಇಬ್ಬರೂ ಬೇಕು. ಪೌಲ ರೋಮಾಪುರದವರಿಗೆ 12:18ರಲ್ಲಿ ಸಾಧ್ಯವಾದ್ರೆ, ನಿಮ್ಮಿಂದಾಗುವ ಮಟ್ಟಿಗೆ ಅಂತ ಸೇರಿಸೇ ಸಮಾಧಾನದ ಮಾತಾಡಿದ್ದು. ಅಲೆಕ್ಸಾಂದ್ರ ಅನ್ನೋ ಕಂಚುಗಾರ ತುಂಬಾ ಕೇಡು ಮಾಡಿದ, ಕರ್ತನೇ ಅವನಿಗೆ ತಕ್ಕದ್ದು ಮಾಡ್ತಾನೆ ಅಂತ ಬರೆದು, ನೀನೂ ಅವನ ವಿಷಯದಲ್ಲಿ ಹುಷಾರು ಅಂತ ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ ಎಚ್ಚರಿಕೆ ಕೊಟ್ಟ.

ಕಾಫಿ ಹೂವು

ಆದಿಕಾಂಡದ ಯೋಸೇಫನೂ ಹಾಗೇ. ತನ್ನನ್ನ ಮಾರಿದ್ದ ಅಣ್ಣಂದಿರು ಬಂದ ತಕ್ಷಣ ಅಪ್ಪಿಕೊಳ್ಳಲಿಲ್ಲ, ಕಿರಿಯ ತಮ್ಮ ಬೆನ್ಯಾಮೀನನ ಬದಲು ನಾನು ಆಳಾಗ್ತೀನಿ ಅಂತ ಅವರಲ್ಲೊಬ್ಬ ಯೆಹೂದ ಮುಂದೆ ಬರೋ ತನಕ ಕಾದ. ಗುರುತು ಹೇಳಿಕೊಂಡಾಗಲೂ ನೀವು ಐಗುಪ್ತಕ್ಕೆ ಮಾರಿದ ತಮ್ಮ ನಾನೇ ಅಂದ. ಮಾರಿದ್ದು ಅನ್ನೋ ಮಾತನ್ನ ನುಂಗಲಿಲ್ಲ. ಹೇಳಿ, ಅತ್ತು, ಆಮೇಲೆ ಅವರ ಮಕ್ಕಳು ಮರಿಗೆಲ್ಲ ಅನ್ನ ಹಾಕ್ದ.

ಕೆಂಪುಮಣ್ಣು

ನಾನು ಕೋಲಾರದ ಕಡೆಯವನು, ವಯಸ್ಸು ಅರವತ್ತು ದಾಟಿದೆ, ಇಲ್ಲಿ ಬರೆಯೋದು ಇದೇ ಮೊದಲು. ನಾನು ಆ ಅಣ್ಣನ ಜಾಗದಲ್ಲಿ ಇದ್ದೋನು.

ನನ್ನ ತಂಗಿ ಹೆಸರಲ್ಲಿ ಅಪ್ಪ ಇಟ್ಟಿದ್ದ ಜಮೀನು ನಾನೇ ಉಳ್ತಿದ್ದೆ, ಅವಳ ಮದುವೆಗೆ ಖರ್ಚು ಮಾಡಿದ್ದೀನಿ ಅನ್ನೋ ಲೆಕ್ಕ ತೋರಿಸಿ ನನ್ನ ಹೆಸರಿಗೆ ಮಾಡ್ಕೊಂಡೆ. ಹದಿನಾಲ್ಕು ವರ್ಷ ಮಾತಿರಲಿಲ್ಲ. ನಾನೂ ಇದೇ ಮಾತು ಹೇಳಿ ಕಳಿಸ್ತಿದ್ದೆ, ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಮ್ಮ ಅಂತ, ಪ್ರತಿ ಕ್ರಿಸ್ಮಸ್ಸಿಗೂ ಕೇಕಿನ ಜೊತೆ. ಅವಳು ಕೇಕು ವಾಪಸ್ ಕಳಿಸೋಳು. ನಾನು ಎಲ್ಲರ ಹತ್ರ ನೋಡಿ ಎಂಥಾ ಕಲ್ಲು ಹೃದಯ ಅಂತ ಹೇಳ್ಕೊಂಡು ತಿರುಗ್ತಿದ್ದೆ. ಒಳಗೆ ಮಾತ್ರ ಗೊತ್ತಿತ್ತು, ಆ ಮಾತು ಯಾಕೆ ಹಾಗೆ ಸುತ್ತಿ ಹೇಳ್ತಿದ್ದೀನಿ ಅಂತ. ನೇರ ಹೇಳಿದ್ರೆ ಜಮೀನು ಬಿಡಬೇಕಾಗುತ್ತೆ.

ಹೆಂಡತಿ ತೀರಿಕೊಂಡ ವರ್ಷ ಒಂದು ದಿನ ತಂಗಿ ಮನೆಗೆ ಹೋದೆ. ಅವಳು ಬಾಗಿಲಲ್ಲಿ ರಾಗಿ ಕೇರ್ತಿದ್ಲು, ಮೊರ ಕೆಳಗಿಡಲಿಲ್ಲ. ನಾನು ನಿಂತ್ಕೊಂಡೇ ಹೇಳ್ದೆ, ಒಂದು ಎಕರೆ ಆರು ಗುಂಟೆ ನಿಂದು, ಸುಳ್ಳು ಲೆಕ್ಕ ತೋರಿಸಿ ಕಿತ್ಕೊಂಡೆ, ನಾನು ಕಳ್ಳ. ಅಷ್ಟು ಹೇಳೋಕೆ ನನಗೆ ಹದಿನಾಲ್ಕು ವರ್ಷ ಹಿಡೀತು. ಮೊರ ಹಾಗೇ ಕೈಯಲ್ಲಿ ಹಿಡ್ಕೊಂಡು ಅಳೋಕೆ ಶುರು ಮಾಡಿದ್ಲು. ಜಮೀನು ಬರೆದುಕೊಟ್ಟೆ, ಅವಳು ಆರು ಗುಂಟೆ ನಿನ್ನ ಮೊಮ್ಮಕ್ಕಳಿಗೆ ಇರಲಿ ಅಂತ ಬಿಟ್ಲು, ನಾನು ಬೇಡ ಅಂದ್ರೂ ಕೇಳಲಿಲ್ಲ.

ಒಂದು ಮಾತು ಕೇಳಿ ತಾಯಿ. ನನ್ನ ತಂಗಿ ಆ ಹದಿನಾಲ್ಕು ವರ್ಷದಲ್ಲಿ ಸುಮ್ನೆ ಆಯ್ತು ಬಿಡಣ್ಣ ಅಂದಿದ್ರೆ ನಾನು ಕಳ್ಳನಾಗೇ ಸಾಯ್ತಿದ್ದೆ. ಅವಳು ಕೇಕು ವಾಪಸ್ ಕಳಿಸಿದ್ದು ನನಗೆ ಒಳ್ಳೇದಾಯ್ತು. ಆದ್ರೆ ನಿಮ್ಮ ಅಣ್ಣನಿಗೆ ಹದಿನಾಲ್ಕು ವರ್ಷ ಇದೆಯೋ ಇಲ್ವೋ. ಅವನು ಬರಲಿ ಅಂತ ಕಾಯಬೇಡಿ, ನೀವೇ ಹೋಗಿ ಅವನ ಮುಖಕ್ಕೆ ಹೇಳಿ. ಹೇಳದೆ ಬಿಡಬೇಡಿ.

ಕರಿಕೋಟು

ಕೆಂಪುಮಣ್ಣು ಅವರೇ, ಇದನ್ನ ಓದಿ ಸುಮಾರು ಹೊತ್ತು ಏನೂ ಟೈಪ್ ಮಾಡೋಕಾಗಲಿಲ್ಲ. ನಮಸ್ಕಾರ ನಿಮಗೆ.

ಪಡುಗಡಲು

ಮತ್ತೆ ಆ ಬಟ್ಟಲಿನ ವಿಷಯ ಉಂಟಲ್ಲ, ಎದ್ದು ಬಂದದ್ದು ತಪ್ಪಾ ಅಂತ ಕೇಳಿದ್ದು. ಮತ್ತಾಯ 5ರಲ್ಲಿ ಕಾಣಿಕೆ ಬಲಿಪೀಠದ ಎದುರೇ ಬಿಟ್ಟು ಮೊದಲು ಸಹೋದರನ ಹತ್ರ ಹೋಗು ಅಂತ ಉಂಟು. ಅದು ಯಾರಿಗೆ ಹೇಳಿದ್ದು ನೋಡಿ, ಸಹೋದರನಿಗೆ ತನ್ನ ಮೇಲೆ ದೂರು ಉಂಟು ಅಂತ ನೆನಪಾದವನಿಗೆ. ಆ ಲೆಕ್ಕದಲ್ಲಿ ಎದ್ದು ಹೋಗಬೇಕಾಗಿದ್ದದ್ದು ನಿಮ್ಮ ಅಣ್ಣ. ನೀವು ಅಪರಾಧಿ ಹಾಗೆ ಹೊರಗೆ ನಿಲ್ಲುದು ಬೇಡ.

ಕರ್ತನ ಸೇವಕ

ಅಕ್ಕಾ, ಮೊದಲ ದಿನ ನಾನು ಬಿಟ್ಟುಬಿಡಿ ಅಂತ ಸುಲಭವಾಗಿ ಬರೆದುಬಿಟ್ಟೆ. ಕ್ಷಮಿಸಬೇಕು ಅನ್ನೋದನ್ನ ಈಗಲೂ ಹೇಳ್ತೀನಿ, ಅದರಲ್ಲಿ ರಾಜಿ ಇಲ್ಲ, ಯಾಕಂದ್ರೆ ಕಹಿ ನಿಮ್ಮನ್ನೇ ತಿನ್ನುತ್ತೆ, ನಿದ್ದೆ ಹೋಗಿದೆ ಅಂತ ನೀವೇ ಬರೆದಿದ್ದೀರ. ಆದ್ರೆ ಹೇಳದೆ ಕ್ಷಮಿಸಿ ಅನ್ನಲ್ಲ. ಹೋಗುವಾಗ ಒಬ್ಬರೇ ಹೋಗಬೇಕು ಅಂತ ಅನ್ನಿಸದಿದ್ರೆ ಸಭೆಯ ಹಿರಿಯ ಹೆಂಗಸು ಯಾರನ್ನಾದ್ರೂ ಕರ್ಕೊಂಡು ಹೋಗಿ.

ಬಡಗಣ ಗಾಳಿ

ಎಲ್ಲಾರ ಮಾತೂ ಓದೇನ್ರಿ, ಕೆಲವು ಎರಡೆರಡು ಸಲ. ಹೆಸರು ಬೇಡ ಅಕ್ಕಾರ, ನಿಮ್ಮ ಕೈ ನೆನಸಿಕೊಂಡು ರಾತ್ರಿ ಪ್ರಾರ್ಥನಿ ಮಾಡೇನಿ.

ಸೆಮಿನರಿ ತಮ್ಮಾ ಹೇಳಿದಂಗ ನಿನ್ನೆ ಒಂದು ಹಾಳಿ ತಗೊಂಡು ಬರದೆ. ಯಾವ ತಾರೀಕು ಏನು ಹೇಳಿ ಕರದ, ಏನು ಬರಿಸಿಕೊಂಡ, ಎಷ್ಟು ಜಾಗ, ಎಷ್ಟಕ್ಕ ಮಾರ್ಯಾನ. ಒಂದು ಪುಟನೂ ಆಗಲಿಲ್ಲ, ಆದ್ರ ಬರದ ಮ್ಯಾಲೆ ಎದಿ ಸ್ವಲ್ಪ ಹಗರ ಆತು. ಕಡೀಗೆ ಗಿರ್ಮಿಟ್ ಕೊಡಿಸಿದ್ದು, ಕರ್ಚೀಪಿಲೆ ಮಸಿ ಒರೆಸಿದ್ದು ಬರದೆ. ನನಗ ಜಾಗಕ್ಕಿಂತ ಅದ ಜಾಸ್ತಿ ಚುಚ್ಚೇತಿ ಅಂತ ಬರೀವಾಗ ಗೊತ್ತಾತು. ಮೋಸ ಮಾಡಾವ ಹಂಗ್ಯಾಕ ಒರೆಸಿದ?

ಶನಿವಾರ ಅವಂಗ ಡಯಾಲಿಸಿಸ್ ಇರೂದಿಲ್ಲ, ಅವತ್ತ ಹೋಗ್ತೇನಿ. ಅವನ ಮುಂದ ಕುಂತು ಹಾಳಿ ಓದತೇನಿ. ಹೌದು ಅಂದ್ರ ಅಲ್ಲೇ ಕ್ಷಮಿಸ್ತೇನಿ, ದವಾಖಾನಿ ಖರ್ಚಿಗೆ ಬೇಕಂದ್ರ ನನ್ನ ಪಾಲಿನಾಗ ಹಿಡ್ಕೋ ಅಂತನೂ ಹೇಳ್ತೇನಿ. ಇಲ್ಲ ಅಂದ್ರ ಹಗಿ ಅಂತೂ ಬಿಡ್ತೇನಿ, ಆದ್ರ ವಕೀಲರ ಕಡೆ ಹೋಗೂದು ಹೋಗೂದ. ಕರಿಕೋಟು ಸರ್, ಆ ಪತ್ರದ ದೃಢೀಕೃತ ನಕಲು ತೆಗೆಸಾಕ ಏನೇನು ಒಯ್ಬೇಕು ಹೇಳ್ರಿ.

ಕರಿಕೋಟು

ದಾಖಲೆ ನಂಬರು, ನೋಂದಣಿ ಆದ ತಾರೀಕು, ಎರಡೂ ಇ.ಸಿ.ಯಲ್ಲೇ ಇರುತ್ತೆ, ಜೊತೆಗೆ ನಿಮ್ಮ ಗುರುತಿನ ಚೀಟಿ. ಅದೇ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಅರ್ಜಿ ಕೊಡಿ. ಅದು ಅಣ್ಣನ ಮನೆಗೆ ಹೋಗೋ ಮೊದಲೇ ಕೈಯಲ್ಲಿ ಇದ್ರೆ ಒಳ್ಳೇದು.

ಹಳೇ ಹಂಚು

ಹೋದಾಗ ಹಂಚು ನೋಡೋದು ಮರೀಬೇಡಿ ಅಕ್ಕಾ.

ಬಡಗಣ ಗಾಳಿ

ನೋಡ್ತೇನ್ರಿ. ಹಿತ್ತಲ ಗ್ವಾಡಿಗೆ ಒಂದಿಷ್ಟು ಹಚ್ಚಿ ಇಟ್ಟಾರ ಅಂತ ಬಾಜೂ ಮನಿ ಚಿಗವ್ವ ಹೇಳಿದ್ಲು. ಅವ್ವನ ಹೊಲಿಗಿ ಮಷೀನೂ ಅಲ್ಲೇ ಐತಂತ, ಅದರ ಬಾಬಿನ್ ಡಬ್ಬಿ ನನ್ನ ಕಡೆ ಐತಿ.